ಅಮೆರಿಕದ ಲೆಕ್ಕದ ಒಬ್ಬಟ್ಟು

ಐವತ್ತೆಂಟನೇ ಇಸ್ವಿ. ನಾನು ಎತ್ತಿ ಆಡಿಸಿದ ಮೈದ್ನ ಪಾಲಾಕ್ಷ ಮೈಸೂರಲ್ಲಿ ಅರ್ಥಶಾಸ್ತ್ರ ಓದಿ ಬಂದಿದ್ದೇ ಬಂದಿದ್ದು, ನನ್ನ ಅಡುಗೆಮನೆಗೇ ಕೈ ಆಕ್ದ. ಅದೂ ಯಾವತ್ತು? ನನ್ನ ಮಗಳು ನೀಲಾಂಬಿಕೆ ನಿಶ್ಚಯದ ದಿನ! ಅರಕಲಗೂಡಿನ ಬೀಗರು ನಮ್ಮ ಶಾಂತಿಗ್ರಾಮಕ್ಕೆ ಮಧ್ಯಾಹ್ನದ ಬಸ್ಸಿಗೆ ಬರೋರಿದ್ರು. ಗಂಡಿನ ತಾಯಿ ಗುರುಸಿದ್ದಮ್ಮ ಬಲು ಶಾಸ್ತ್ರದೋರು, ಎಲೆ ತುದೀಗೆ ಉಪ್ಪು ಬಡಿಸಲಿಲ್ಲ ಅಂತ ಒಂದು ಸಂಬಂಧಾನೇ ಬಿಟ್ಟೋರು ಅಂತ ಸುದ್ದಿ. ಹುಡುಗ ಚಿನ್ನದಂಥೋನು. ಇದು ತಪ್ಪೋದ್ರೆ ಏನು ಗತಿ?

"ಅತ್ತಿಗೆ, ಅಮೆರಿಕದಲ್ಲಿ ಮೋಟಾರು ಕಾರ್ನ ಸಾಲಾಗಿ ನಿಂತು ಮಾಡ್ತಾರೆ. ಒಬ್ಬೊಬ್ಬನಿಗೆ ಒಂದೊಂದೇ ಕೆಲಸ. ಬೇಗನೂ ಆಯ್ತದೆ, ಅಗ್ಗನೂ ಆಯ್ತದೆ" ಅಂದ ಪಾಲಾಕ್ಷ.

"ನನ್ನ ಒಬ್ಬಟ್ಟಿಗೆ ಚಕ್ರ ಐತೇನೋ?" ಅಂದೆ.

ಕೇಳ್ಬೇಕಲ್ಲ! ಪಕ್ಕದ ಮನೆ ಸಣ್ಣಕ್ಕ ಬರೀ ಹೂರಣದ ಉಂಡೆ ಕಟ್ಟೋದು, ಎದುರುಮನೆ ಪುಟ್ಟತಾಯಮ್ಮ ಬರೀ ತಟ್ಟೋದು, ನಾನು ಬರೀ ಬೇಯಿಸೋದು ಅಂತ ಸಾಲಾಗಿ ಕೂರಿಸ್ದ. ಸುಳ್ಳ್ಯಾಕೆ, ಒಬ್ಬಟ್ಟು ರಾಶಿ ಬಿತ್ತು. ಆದ್ರೆ ಸ್ವಲ್ಪ ಹೊತ್ಗೆ ಸಣ್ಣಕ್ಕ ಸೆರಗು ಕೊಡವಿ ಎದ್ಲು. "ಉಂಡೆ ಕಟ್ಟಿ ಕಟ್ಟಿ ನಾನೇ ಉಂಡೆ ಆಗೋದೆ. ನಾ ಮನೆಗೆ ಓಯ್ತೀನಿ ಕಣಕ್ಕ."

ಪುಟ್ಟತಾಯಮ್ಮನೂ ಎದ್ಲು. ನಾನು ಪಾಲಾಕ್ಷನ ಮೇಲೆ ಎಗರಾಡ್ದೆ. ಅವನು ಹಲ್ಲು ಕಿರಿದ.

"ಅಲ್ಲೂ ಬೇಜಾರಾಗಿ ಜನ ಬಿಟ್ಟೋದ್ರು ಅತ್ತಿಗೆ. ಆಮೇಲೆ ಕೂಲಿ ಎರಡರಷ್ಟು ಮಾಡಿದ್ರು. ಕಾರು ಮಾಡೋನೇ ಕಾರು ಕೊಳ್ಳೋ ಅಂಗಾದ." ಅಂಗಂದೋನೇ ಬಿಸಿ ಒಬ್ಬಟ್ಟಿಗೆ ತುಪ್ಪ ಸುರಿದು ಇಬ್ಬರ ಮುಂದೂ ಇಟ್ಟ.

"ಅಯ್ಯೋ ಪಾಪಿ, ಬೀಗರು ಉಣ್ಣೋಕೆ ಮುಂಚೆನಾ? ಮಾನ ಕಳೀತೀಯಲ್ಲೋ!"

ಸಣ್ಣಕ್ಕನ ಬಾಯಿಗೆ ಬಿದ್ದಾಗಿತ್ತು. ಇಬ್ಬರೂ ನಗ್ತಾ ಮತ್ತೆ ಕೂತ್ರು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದ್ರು. ನೋಡ್ತೀನಿ, ಗುರುಸಿದ್ದಮ್ಮ! ಮುಂಚಿನ ಬಸ್ಸಿಗೇ ಬಂದ್ಬುಟ್ಟವ್ರೆ. ಸಣ್ಣಕ್ಕನ ಬಾಯಿ ಅಲ್ಲಾಡೋದು ನಿಂತೋಯ್ತು. ಮುಗೀತು ನನ್ನ ಮಗಳ ಕತೆ ಅಂದ್ಕೊಂಡೆ.

ಅವರು ಒಳಗೆ ಬಂದು ಸಣ್ಣಕ್ಕನ ಪಕ್ಕ ಕೂತ್ರು.

"ನಂಗೂ ಒಂದು ಆಕವ್ವ. ನಾನು ಸೊಸೆಯಾಗಿ ಬಂದಾಗಿಂದ ಎಲ್ಲರದ್ದೂ ಆದಮೇಲೆ ತಣ್ಣಗಿನ್ದೇ ತಿಂದಿರೋದು. ಬಿಸೀದು ಯಂಗಿರ್ತದೆ ಅಂತಾನೇ ಮರ್ತೋಗದೆ."

ಹಂಚಿಂದ ತೆಗೆದು ತುಪ್ಪ ಆಕಿ ಬಡಿಸ್ದೆ. ಒಂದು ತುತ್ತು ತಿಂದು ಕಣ್ಣು ಮುಚ್ಚಿದ್ರು. ಆಮೇಲೆ ಉಳಿದಿದ್ದು ಮುರಿದು, ಬಾಗಿಲ ಮರೇಲಿದ್ದ ನೀಲಾಂಬಿಕೇನ ಕರೆದು ಬಾಯಿಗಿಟ್ರು.

"ತಿನ್ನು ಮಗ. ನಮ್ಮನೇಲೂ ನೀನು ಬಿಸೀದೇ ತಿನ್ಬೇಕು, ನನ್ನ ಜೊತೆ."

ನಂಗೆ ಅಳು ಬಂದ್ಬುಡ್ತು. ಹಂಚಿನ ಮೇಲಿದ್ದ ಒಬ್ಬಟ್ಟು ಸೀದೋಯ್ತು, ಓಗ್ಲಿ ಬಿಡು ಅಂದೆ.