ಬಾವಿಯ ಸೀನು

"ಇಲ್ಲೇ ನಿಂದರ್ಸು. ಇನ್ನ ಜರಾ ಹಿಂದ ತಗೊ," ಎಂದಳು ಅಂಜನಾಬಾಯಿ.

ಸುಮೇಧ ರಿಮೋಟು ಒತ್ತಿ ಸಿನಿಮಾವನ್ನು ಹಿಂದಕ್ಕೆ ತಂದ. ಟಿವಿಯ ಮೇಲೆ ಮತ್ತೆ ಅದೇ ಕಪ್ಪು-ಬಿಳುಪಿನ ಬಾವಿ. ಕಟ್ಟೆಯ ಮೇಲೆ ಕೊಡ ಹಿಡಿದು ನಿಂತ ಎಂಟೊಂಬತ್ತು ವರ್ಷದ ಹುಡುಗಿ. ದೊಡ್ಡ ರುಮಾಲಿನವನೊಬ್ಬ ಬಂದು ಅವಳ ಕಪಾಳಕ್ಕೆ ಬಾರಿಸಿದ, ಕೊಡವನ್ನು ಒದ್ದ. ಹುಡುಗಿ "ಅಪ್ಪಾ!" ಎಂದು ಚೀರಿದಳು. ದೂರದ ಬೇವಿನ ಗಿಡದ ಕೆಳಗೆ ಗುಂಪಾಗಿ ನಿಂತವರಲ್ಲಿ ಒಬ್ಬ, ಚಪ್ಪಲಿ ಕೈಯಲ್ಲಿ ಹಿಡಿದಿದ್ದವನು, ಒಂದು ಹೆಜ್ಜೆ ಮುಂದಿಟ್ಟ. ಪಕ್ಕದವನು ಅವನ ರಟ್ಟೆ ಹಿಡಿದ. ಇಟ್ಟ ಹೆಜ್ಜೆ ಹಿಂದಕ್ಕೆ ಹೋಯಿತು.

"ಹಾಂ, ಅಂವನ ನೋಡು ನಿನ್ನ ಅಜ್ಜ," ಎಂದಳು. "ಮತ್ತ ಆ ಹುಡುಗಿ ನಾನು."

ಸುಮೇಧ ಮೊದಲು ನಕ್ಕ. ತಾಯಿ ನಗುತ್ತಿಲ್ಲವೆಂದು ಕಂಡ ಮೇಲೆ ಎದ್ದು ಟಿವಿಯ ಹತ್ತಿರ ಹೋಗಿ, ಚಿತ್ರ ಬರೀ ಚುಕ್ಕಿಗಳಾಗಿ ಒಡೆಯುವಷ್ಟು ಸಮೀಪ ಮುಖ ಒಯ್ದು ನೋಡಿದ. ಅಜ್ಜನ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಗೋಡೆಯ ಮೇಲೆ ಇದ್ದವರು ಬುದ್ಧ ಮತ್ತು ಬಾಬಾಸಾಹೇಬರು ಇಬ್ಬರೇ.

"ಇಷ್ಟು ವರ್ಷ ಯಾಕ ಹೇಳಲಿಲ್ಲ ಅವ್ವಾ?"

"ಏನಂತ ಹೇಳ್ಲಿ? ಪಿಕ್ಚರಿನ್ಯಾಗ ಹೊಡಸ್ಕೊಂಡೀನಿ ಅಂತನ?"

ಸುಮೇಧ ಸೊಲ್ಲಾಪುರದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಅವನಿಗಿದ್ದ ಚಟ ಒಂದೇ, ಹಳೆಯ ಸಿನಿಮಾ. ಅದೂ ಯಾರೂ ಹೆಸರು ಕೇಳಿರದಂಥವು, ಒಂದು ವಾರ ಓಡಿ ಡಬ್ಬಿ ಸೇರಿದಂಥವು. ಅದೇ ಕಚೇರಿಯಿಂದ ನಿವೃತ್ತರಾದ ರಾಘವೇಂದ್ರರ ಮನೆಯಲ್ಲಿ ತಿಂಗಳಿಗೊಂದು ರವಿವಾರ ಇಂಥ ಚಟದ ಎಂಟು ಹತ್ತು ಜನ ಸೇರುತ್ತಿದ್ದರು. ಎಲ್ಲರೂ ಮೊದಲೇ ಅವರವರ ಮನೆಯಲ್ಲಿ ಸಿನಿಮಾ ನೋಡಿಕೊಂಡು ಬರುವುದು, ಅಲ್ಲಿ ಕೂತು ಅನಿಸಿದ್ದನ್ನು ಹೇಳುವುದು. ಕಚೇರಿಯಲ್ಲಿ ಅವನನ್ನು ಬರೀ ಸುಮೇಧ ಎನ್ನುತ್ತಿದ್ದರು. ಆ ಕೂಟದಲ್ಲಿ 'ಸುಮೇಧ ಸರ್' ಆಗುತ್ತಿದ್ದ. ಅವನು ಬರೆದುಕೊಂಡು ಹೋದ ಎರಡು ಪುಟ ಓದಿದರೆ ದಂತವೈದ್ಯ ಕೌಶಿಕನಂಥವರು ಕೂಡ ತಲೆದೂಗುತ್ತಿದ್ದರು. ಈ ಸಲದ ಸಿನಿಮಾ ರಾಘವೇಂದ್ರರೇ ಆರಿಸಿ ಕಳಿಸಿದ್ದು. ಅಕ್ಕಲಕೋಟದ ಕಡೆ ಚಿತ್ರೀಕರಣವಾದದ್ದು ಎಂದಷ್ಟೇ ಬರೆದಿದ್ದರು.

ಅಂಜನಾಬಾಯಿ ಆ ದಿನ ಮಗನಿಗೆ ಎಲ್ಲವನ್ನೂ ಹೇಳಿದಳು. ಸಿನಿಮಾದವರು ಊರಿಗೆ ಬಂದು ಊರ ಒಡೆಯರ ದೊಡ್ಡ ಮನೆ, ವಾಡೆಯಲ್ಲಿ ಇಳಿದುಕೊಂಡಿದ್ದರು. ಕೇರಿಗೆ ಬಂದು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಇವಳ ಗದ್ದ ಹಿಡಿದೆತ್ತಿ "ಇವಳೇ" ಎಂದರು. ಹೊಸ ಲಂಗ ಹೊಲಿಸಿ ಕೊಟ್ಟರು. ಊರ ಬಾವಿಗೆ ಹೋಗಬೇಕು, ನೀರು ಸೇದಬೇಕು, ನಮ್ಮ ಕಡೆ ನೋಡಬಾರದು, ಇಷ್ಟೇ ಎಂದರು. ಆ ಬಾವಿಯ ಕಟ್ಟೆಯನ್ನು ಅವಳು ಅದುವರೆಗೆ ಮುಟ್ಟಿರಲಿಲ್ಲ. ಮೇಲಿನವರು ಯಾರಾದರೂ ಬಂದು ಎತ್ತರದಿಂದ ಸುರಿದರೆ ಕೆಳಗೆ ಕೊಡ ಹಿಡಿಯುವುದು, ಅಷ್ಟೇ ಗೊತ್ತಿದ್ದದ್ದು. ಆ ದಿನ ಹಗ್ಗ ಕೈಗೆ ಬಂದಾಗ ಎಷ್ಟು ಖುಷಿಯಾಗಿತ್ತೆಂದರೆ ಮೊದಲ ಸಲ ಕೊಡ ತುಂಬಿದ್ದು ಸಾಲದೆಂದು ಅದನ್ನು ಚೆಲ್ಲಿ ಇನ್ನೊಂದು ಸಲ ಸೇದಿದಳು. ಹೊಡೆಯುತ್ತಾರೆಂದು ಅವಳಿಗೂ ಹೇಳಿರಲಿಲ್ಲ, ಅಪ್ಪನಿಗೂ ಹೇಳಿರಲಿಲ್ಲ. ಹೇಳಿದ್ದರೆ ಅಳು ಖರೆ ಬರುವುದಿಲ್ಲವಂತೆ.

"ಆಮೇಲೆ?" ಎಂದ ಸುಮೇಧ.

"ಆಮ್ಯಾಲ ಮೋಟಾರ ಹತ್ತಿ ಅವರು ಹೋದ್ರು. ನಾವು ಊರಾಗ ಉಳದ್ವಿ."

ಸಿನಿಮಾದವರು ಹೋದ ಮರುದಿನವೇ ವಾಡೆಯವರು ಬಾವಿಯನ್ನು ಬರಿದು ಮಾಡಿಸಿ, ಗೋಮೂತ್ರ ಹೊಯ್ಯಿಸಿ ತೊಳೆಸಿದರು. ಶೂಟಿಂಗಿಗೆ ಒಪ್ಪಿದ್ದು ನಿಂತು ತೋರಿಸಲಿಕ್ಕೆ, ನೀರು ಸೇದಲಿಕ್ಕಲ್ಲ, ಅದೂ ಎರಡೆರಡು ಸಲ, ಎಂದರು. ವಾಡೆಯ ಮೆಟ್ಟಿಲ ಮುಂದೆ ಅಪ್ಪ ಮಣ್ಣಿಗೆ ಹಣೆ ಹಚ್ಚಿ ತಪ್ಪಾಯಿತು ಎಂದ. ಅದು ಸಾಲಲಿಲ್ಲ. ಹೊಲದ ಕೆಲಸಕ್ಕೆ ಕರೆಯುವುದು ನಿಂತಿತು, ಗಿರಣಿಯಲ್ಲಿ ಜೋಳ ಬೀಸಿಕೊಡುವುದು ನಿಂತಿತು. ಹದಿನೈದನೆಯ ದಿನ ಅಪ್ಪ, ಅವ್ವ, ಇವಳು, ಬಗಲಲ್ಲಿ ತಮ್ಮ, ನಾಲ್ಕೂ ಜನ ಅಕ್ಕಲಕೋಟದವರೆಗೆ ನಡೆದು ಸೊಲ್ಲಾಪುರದ ಬಸ್ಸು ಹತ್ತಿದರು. ಅಪ್ಪ ಮಿಲ್ಲಿನಲ್ಲಿ ಹತ್ತಿಯ ಗಂಟು ಹೊತ್ತ. ನಲವತ್ತೈದಕ್ಕೆ ಸತ್ತ. ಸಿನಿಮಾ ಸೊಲ್ಲಾಪುರಕ್ಕೆ ಬಂದಾಗ ಪೋಸ್ಟರು ಹಚ್ಚಿದ ಗೋಡೆಯ ಕಡೆ ಬಾರದೆ ರಸ್ತೆಯ ಆಚೆ ಬದಿ ಹಿಡಿದು ಹೋಗುತ್ತಿದ್ದ.

ಸುಮೇಧನ ಕಣ್ಣುಗಳು ಒದ್ದೆಯಾಗಿದ್ದವು. ಅದನ್ನು ಕಂಡೇ ಅವಳಿಗೆ ಧೈರ್ಯ ಬಂದದ್ದು.

"ಐತವಾರ ನಾನೂ ಬರ್ತೀನಿ."

"ನೀ ಬಂದು ಏನ ಮಾಡ್ತಿ? ಅಲ್ಲಿ ಪಿಕ್ಚರಿನ ಬಗ್ಗೆ ಮಾತಾಡ್ತಾರ."

"ಪಿಕ್ಚರಿನ್ಯಾಗ ನಾ ಇಲ್ಲೇನು?"

ರವಿವಾರ ಸಂಜೆ ಆಟೋದಲ್ಲಿ ಮಗ ಅವಳ ಕೈ ಹಿಡಿದುಕೊಂಡ. "ಎಲ್ಲಾ ನಾ ಹೇಳ್ತೀನಿ ಅವ್ವಾ. ನೀ ಸುಮ್ನ ಕೂತಿರು." ಅವಳು ಹೂಂ ಎಂದಳು. ನಲವತ್ತು ವರ್ಷ ಬೀಡಿ ಕಟ್ಟಿ ಓದಿಸಿದ ಮಗ. ತನಗಿಂತ ನೆಟ್ಟಗೆ ಅವನೇ ಹೇಳಿಯಾನು.

ರಾಘವೇಂದ್ರರ ಮನೆಯ ಪಡಸಾಲೆ ದೊಡ್ಡದಿತ್ತು. ಅವರ ಹೆಂಡತಿ ಮಂದಾಕಿನಿ "ಬರ್ರಿ, ಬರ್ರಿ, ಸುಮೇಧನ ತಾಯಿ ಅಲ್ಲ?" ಎಂದು ಸೋಫಾದ ಮೇಲೆ ಕೂಡಿಸಿ, ಎಲ್ಲರಿಗೂ ಕೊಟ್ಟಂತೆ ಅವಳಿಗೂ ಬಸಿಯಲ್ಲಿ ಮಂಡಕ್ಕಿಯ ಸುಸಲಾ, ಕಪ್ಪಿನಲ್ಲಿ ಚಹಾ ಕೊಟ್ಟಳು. ಮಾತು ಆಗಲೇ ಶುರುವಾಗಿತ್ತು. ಕೌಶಿಕ ಕ್ಯಾಮೆರಾದ ಬಗ್ಗೆ ಹೇಳಿದ, ಬಿಸಿಲನ್ನೇ ಹೇಗೆ ದೀಪದಂತೆ ಬಳಸಿದ್ದಾರೆಂದು. ಕಾಲೇಜಿನಲ್ಲಿ ಕಲಿಸುವ ಶ್ರೀಲೇಖಾ ಮುಂದಕ್ಕೆ ಬಾಗಿ ಕೂತು ಹೇಳಿದಳು:

"ನನಗ ಆ ಬಾವಿ ಸೀನ್ ಮರ್ಯಾಕ ಆಗವಲ್ದು. ಮರಾಠಿ ಪಿಕ್ಚರ್ ಅದು, ಆದ್ರ ಹುಡುಗಿ 'ಬಾಬಾ' ಅನ್ನಂಗಿಲ್ಲ, 'ಅಪ್ಪಾ' ಅಂತಾಳ. ಈ ಸೀಮಿ ಮಾತು ಎಷ್ಟು ಸೂಕ್ಷ್ಮ ಹಿಡದಾರ ನೋಡ್ರಿ ದಿಗ್ದರ್ಶಕರು! ಮತ್ತ ಹಿಂದ ಒಬ್ಬ ಒಂದು ಹೆಜ್ಜಿ ಮುಂದಿಟ್ಟು ಹಿಂದ ತಗೋತಾನ. ಒಂದ ಸೆಕೆಂಡು. ಎಂಥಾ ಅಭಿನಯ!"

ಅಂಜನಾಬಾಯಿ ಮಗನ ಕಡೆ ನೋಡಿದಳು. ಅವನು ಕೈಯಲ್ಲಿನ ಕಾಗದಗಳನ್ನು ಸರಿಮಾಡಿಕೊಳ್ಳುತ್ತಿದ್ದ.

"ಈ ಪಿಕ್ಚರ್ ಯಾಕ ಆರಿಸಿದೆ ಹೇಳ್ಲಿ?" ಎಂದರು ರಾಘವೇಂದ್ರ. ಅವರ ಮುಖ ಅರಳಿತ್ತು. "ಅದು ನಮ್ಮ ಮಾಮಾನ ಊರು. ಸಾಲಿ ಸೂಟಿಗೆ ಹೋದಾಗ ನಾ ಶೂಟಿಂಗ್ ಕಣ್ಣಾರೆ ನೋಡೀನಿ, ಹತ್ತು ವರ್ಷದಾಂವಿದ್ದೆ. ಊರ ಬಾವಿ ಮ್ಯಾಲೆ ಇಂಥಾ ಸೀನ್ ತಗೀಲಿಕ್ಕೆ ಒಪ್ಪಿಗಿ ಕೊಟ್ಟಾವರು ನಮ್ಮ ಮಾಮಾ. ಆ ಕಾಲದಾಗ! ಯಾರು ಕೊಡತಿದ್ರು ಹೇಳ್ರಿ? ದೊಡ್ಡ ಮನಸ್ಸು ಅವರದು." ಎಲ್ಲರೂ ತಲೆ ಆಡಿಸಿದರು. "ಹಾಂ, ಸುಮೇಧ ಸರ್, ಇನ್ನ ನೀವು ಹೇಳ್ರಿ."

ಸುಮೇಧ ಓದತೊಡಗಿದ. ನೆರಳು-ಬೆಳಕಿನ ಬಗ್ಗೆ ಓದಿದ. ಸಂಗೀತ ಕಡಿಮೆ ಇರುವುದರ ಬಗ್ಗೆ ಓದಿದ. ಕೊನೆಯಲ್ಲಿ ಬಾವಿ ಎಲ್ಲರಿಗೂ ತೆರೆದು, ಅದೇ ಹುಡುಗಿ ಬೊಗಸೆಯಲ್ಲಿ ನೀರು ಕುಡಿಯುವ ದೃಶ್ಯ ಇವತ್ತಿಗೂ ಭರವಸೆ ಕೊಡುತ್ತದೆ ಎಂದು ಓದಿದ. ಎರಡು ಪುಟ ಮುಗಿದವು. ಮೂರನೆಯದು ಇದೆಯೆಂದು ಅಂಜನಾಬಾಯಿ ಕಾದಳು. ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಚಪ್ಪಾಳೆಯಾಯಿತು.

"ಆಕಿ ನಾ ಅಲ್ರಿ," ಎಂದಳು ಅಂಜನಾಬಾಯಿ.

ಯಾರಿಗೂ ಅರ್ಥವಾಗಲಿಲ್ಲ. ಸುಮೇಧನಿಗೊಬ್ಬನಿಗೆ ಆಯಿತು. "ಅವ್ವಾ," ಎಂದ ಮೆಲ್ಲಗೆ.

"ಕಡೀಕ ನೀರು ಕುಡಿಯಾಕಿ ನಾ ಅಲ್ಲ. ಆಕೀ ಬೆನ್ನಷ್ಟ ತೋರಸ್ಯಾರ, ನೋಡ್ರಿ ಬೇಕಾದ್ರ. ಆಕಿ ವಾಡೇದ ಹುಡುಗಿ. ನನ್ನಂಥಾದ ಲಂಗ ಇನ್ನೊಂದು ಹೊಲಿಸಿ ಆಕೀಗಿ ಉಡಸಿದ್ರು. ನನಗ ಮತ್ತ ಕಟ್ಟಿ ಏರಗೊಡಲಿಲ್ಲ. ಹೊಡಸ್ಕೊಂಡಾಕಿ ನಾನು." ಅವಳು ಶ್ರೀಲೇಖಾಳ ಕಡೆ ತಿರುಗಿದಳು. "ಅಪ್ಪಾ ಅಂತ ಯಾರೂ ಹೇಳಿಕೊಟ್ಟಿದ್ದಿಲ್ಲ ಬಾಯಿ. ಹೊಡೆತ ಬಿದ್ದಾಗ ಬಂತು. ಹೆಜ್ಜಿ ಇಟ್ಟಾಂವ ನಮ್ಮಪ್ಪ. ಅಂವಗ ಅದು ಅಭಿನಯ ಅಂತ ಗೊತ್ತಿದ್ದಿಲ್ಲ."

ಮಂದಾಕಿನಿ ಎತ್ತಿದ ಟ್ರೇಯನ್ನು ಹಾಗೇ ಹಿಡಿದು ನಿಂತಳು. ಅಂಜನಾಬಾಯಿ ಈಗ ರಾಘವೇಂದ್ರರನ್ನೇ ನೋಡುತ್ತಿದ್ದಳು.

"ನೀವು ಅಲ್ಲೇ ಇದ್ರಿ ಅಂದ್ರಿ. ಮರುದಿನ ಬಾವಿ ಉಪಸಿ ತೊಳಸಿದ್ದು ಹೇಳಲೇ ಇಲ್ಲ. ನಿಮ್ಮ ಮಾಮಾನ ಮೆಟ್ಟಲಿಗಿ ನಮ್ಮಪ್ಪ ಹಣಿ ಹಚ್ಚಿದ್ದು ಹೇಳಲಿಲ್ಲ."

ರಾಘವೇಂದ್ರರಿಗೆ ನೆನಪಿದೆ ಎಂಬುದು ಅವರ ಕಿವಿಗಳ ಕೆಂಪಿನಲ್ಲೇ ತಿಳಿಯಿತು. "ಹಳೇ ಮಾತು ಬಾಯಿ ಅವು. ನಾ ಆಗ ಸಣ್ಣಾಂವಿದ್ದೆ."

"ನಾನೂ ಸಣ್ಣಾಕೀನ ಇದ್ದೆ."

ಶ್ರೀಲೇಖಾ ಕಣ್ಣೊರೆಸಿಕೊಂಡು ಮೊಬೈಲು ತೆಗೆದಳು. "ಮಾವಶಿ, ಇದನ್ನ ಇನ್ನೊಮ್ಮಿ ಹೇಳ್ತೀರೇನ್ರಿ? ರೆಕಾರ್ಡ್ ಮಾಡ್ಕೋತೀನಿ. ಭಾಳ ಪಾವರ್‌ಫುಲ್ ಅದ." ಕೌಶಿಕ ಗಡಿಯಾರ ನೋಡಿದ. ರಾಘವೇಂದ್ರರು ಯಾರ ಕಡೆಗೂ ನೋಡದೆ, "ನಾವಿಲ್ಲಿ ಕೂಡೋದು ಕಲೆ ಬಗ್ಗೆ ಮಾತಾಡ್ಲಿಕ್ಕೆ. ಅದನ್ನೊಂದು ಎಲ್ಲಾರೂ ಲಕ್ಷ್ಯದಾಗಿಟ್ಟರ ಛಲೋ," ಎಂದರು.

ಎಲ್ಲರೂ ಸುಮೇಧನ ಕಡೆ ನೋಡಿದರು. ಅವನು ತನ್ನ ಕಪ್ಪನ್ನೇ ನೋಡುತ್ತಿದ್ದ. ಅವನು ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಅಂಜನಾಬಾಯಿ ಕಾದಳು. ಅವನು ಎದ್ದು, "ನಡಿ ಅವ್ವಾ, ಹೊತ್ತಾತು," ಎಂದ.

ಬಾಗಿಲಿನ ತನಕ ಬಂದ ಮಂದಾಕಿನಿ "ಮತ್ತ ಬರ್ರಿ" ಎಂದಳು. ಹೊಸ್ತಿಲು ದಾಟಲಿಲ್ಲ.

ಇಬ್ಬರೂ ಆಟೋ ಹತ್ತಿದರು. ಸುಮೇಧನ ಮೊಬೈಲು ಒಂದೇ ಸಮನೆ ಸದ್ದು ಮಾಡುತ್ತಿತ್ತು. ಅವನು ಓದಿದ, ಬೆರಳಾಡಿಸಿದ, ಅಳಿಸಿದ, ಮತ್ತೆ ಬೆರಳಾಡಿಸಿದ.

"ಏನ ಬರದಾರ?"

"ಏನಿಲ್ಲ. ಬರೋ ತಿಂಗಳದು ಪಿಕ್ಚರ್ ಹೆಸರು ಕಳಿಸ್ಯಾರ."

"ನೀ ಏನ ಬರದಿ?"

"ಏನಿಲ್ಲ ಅಂದ್ನೆಲ್ಲ."

ಅಂಜನಾಬಾಯಿ ನಾಲ್ಕನೆಯ ತರಗತಿಯವರೆಗೆ ಮರಾಠಿ ಶಾಲೆಗೆ ಹೋದವಳು. ಅಕ್ಷರ ಕೂಡಿಸಿ ಕೂಡಿಸಿ ಓದಬಲ್ಲಳು. ಮಗನ ತೊಡೆಯ ಮೇಲೆ ಬೆಳಗುತ್ತಿದ್ದ ಮೊಬೈಲಿನಲ್ಲಿ ರಾಘವೇಂದ್ರರ ಉದ್ದದ ಬರಹವಿತ್ತು, ಅದನ್ನು ಓದಲು ಅವಳಿಗೆ ಆಗಲಿಲ್ಲ. ಅದರ ಕೆಳಗೆ ಮಗ ಮರಾಠಿಯಲ್ಲಿ ಬರೆದದ್ದು ಚಿಕ್ಕದಿತ್ತು. ಆಯಿಗೆ ವಯಸ್ಸಾಗಿದೆ, ಕ್ಷಮಸ್ವ. ಪಕ್ಕದಲ್ಲಿ ಜೋಡಿಸಿದ ಎರಡು ಕೈಗಳ ಚಿತ್ರ.

ಅವಳು ಅದನ್ನು ಇನ್ನೊಮ್ಮೆ ಓದಿಕೊಂಡಳು.

"ಆಟೋ ನಿಂದರ್ಸಪಾ," ಎಂದಳು.

"ಮನಿ ಇನ್ನ ದೂರ ಅದ ಅವ್ವಾ."

"ನೀ ಹೋಗು. ನಿನ್ನ ಹೇಣ್ತಿ ಉಣ್ಣಾಕ ಕಾದಿರ್ತಾಳ. ನಾ ನಡಕೋತ ಬರ್ತೀನಿ."

ಅವನು ಇಳಿಯಲು ಒಂದು ಕಾಲು ಹೊರಗಿಟ್ಟ. ಆಗಲೇ ಇಳಿದು ನಡೆದಿದ್ದ ಅವಳು ಬೇಡವೆಂದು ಕೈಯೆತ್ತಿದಳು, ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದ ಆಟೋ ಆಮೇಲೆ ಹೊರಟುಹೋದ ಸದ್ದು ಕೇಳಿಸಿತು.

ಮಗ್ಗಗಳ ಓಣಿ ರವಿವಾರವೂ ಖಟಖಟ ಎನ್ನುತ್ತಿತ್ತು. ಟವೆಲಿನ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ನೀರು ರಸ್ತೆಗೆ ಅಡ್ಡವಾಗಿ ಗಟಾರಕ್ಕೆ ಹರಿದು ಬರುತ್ತಿತ್ತು. ಒಂದು ದಿನ ಕೆಂಪು ಬರುತ್ತದೆ, ಒಂದು ದಿನ ಹಸಿರು. ಈ ಹೊತ್ತು ನೀಲಿ ಇತ್ತು, ಇನ್ನೂ ಬಿಸಿ, ಮೇಲೆ ತೆಳ್ಳಗೆ ಹೊಗೆಯಾಡುತ್ತಿತ್ತು. ಅಂಜನಾಬಾಯಿ ಸೀರೆಯ ನಿರಿಗೆ ಎತ್ತಿ ಹಿಡಿದು ಅದರ ಅಂಚಿನಲ್ಲಿ ನಿಂತಳು, ದಾಟಲು ಜಾಗ ಹುಡುಕುತ್ತ.