ಪಾಸ್‌ಪೋರ್ಟ್ ಬೇಡದ ಪರದೇಶ

ಗುರುನಾಥ ಸಿದಿಗೆಗೆ ಹೆಗಲು ಕೊಡಲು ಬಗ್ಗಿದ್ದೇ ತಡ, ರಮಾಬಾಯಿ ಅವನ ತೋಳು ಹಿಡಿದು ಆಚೆ ಎಳೆದಳು. ಬುದ್ಧನ ತ್ರಿಶರಣ ಪ್ರಾರ್ಥನೆ ಮುಗಿದಿತ್ತು, ಮೇಣದಬತ್ತಿಗಳು ಅರ್ಧ ಕರಗಿದ್ದವು, ಹಿರೋಳ್ಳಿಯ ಬಿಸಿಲು ನೆತ್ತಿ ಸುಡುತ್ತಿತ್ತು.

"ನೀವು ಮುಟ್ಟಬ್ಯಾಡ್ರಿ ಗುರುನಾಥಣ್ಣ. ಮೊದಲ ಒಂದು ಮಾತು ಹೇಳ್ರಿ. ನೇಪಾಳ ಫಾರಿನ್ ಹೌದೋ, ಅಲ್ಲೋ?"

ಗಂಡ ಸತ್ತು ಆರು ತಾಸೂ ಆಗಿರಲಿಲ್ಲ. ಅವ್ವನ ತಲೆ ಕೆಟ್ಟಿತೆಂದು ಗಾಬರಿಯಾದ ಮಗ ಅಜಯಕುಮಾರ ನೀರು ತಂದುಕೊಟ್ಟ. ಅವಳು ಗಟಗಟ ಕುಡಿದು, ಲೋಟ ವಾಪಸು ಕೊಟ್ಟು, ದಾರಿಗೆ ಅಡ್ಡವಾಗಿಯೇ ನಿಂತಳು. ತಲೆ ನೆಟ್ಟಗೇ ಇತ್ತು. ನೂರಾರು ಮಕ್ಕಳಿಗೆ ಪಾಠ ಹೇಳಿದ ಗಂಡ, ಈ ದರ್ಜಿ ಗುರುನಾಥನ ಬಾಯಿಂದ ಒಂದು 'ಹೌದು' ಕೇಳದೆ ಮಣ್ಣಿಗೆ ಹೋಗಬಾರದು, ಅಷ್ಟೇ ಅವಳ ಹಟ.

*

ಅವಳ ಗಂಡ ಅಣ್ಣಾರಾಯ ಮಾಸ್ತರರು ಅಫಜಲಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಹಿಂದಿ ಕಲಿಸಿ ನಿವೃತ್ತರಾದವರು. ಪಿಂಚಣಿ ಬಂದ ತಿಂಗಳೇ, ಬೌದ್ಧ ಅಧ್ಯಯನದಲ್ಲಿ ಎಂ.ಎ. ಮಾಡುತ್ತೇನೆ, ಅದೂ ಬುದ್ಧ ಹುಟ್ಟಿದ ನೆಲದಲ್ಲೇ ಎಂದು ನೇಪಾಳದ ಲುಂಬಿನಿಗೆ ಹೊರಟರು. ಅರವತ್ತಕ್ಕೆ ಅರಳುಮರಳು ಎಂದು ಬೀಗರು ನಕ್ಕರು. ಮೊಮ್ಮಕ್ಕಳ ವಯಸ್ಸಿನವರ ಜೊತೆ ಎರಡು ವರ್ಷ ಹಾಸ್ಟೆಲಿನಲ್ಲಿದ್ದು, ಬೇಳೆಗೆ ಖಾರವೇ ಇಲ್ಲವೆಂದು ಫೋನಿನಲ್ಲಿ ಗೋಳಾಡಿ, ರಮಾಬಾಯಿ ಕಟ್ಟಿಕೊಟ್ಟ ಖಾರದ ಶೇಂಗಾ ಹಿಂಡಿಯ ಬಲದಿಂದ ಪಾಸಾಗಿ ಬಂದರು.

ಬಂದವರೇ ಬಾಲ್ಯದ ಗೆಳೆಯ ಗುರುನಾಥನ ಟೇಲರ್ ಅಂಗಡಿಗೆ ಹೋಗಿ, ಫಾರಿನ್ ಡಿಗ್ರಿ ನೋಡು ಎಂದು ಸರ್ಟಿಫಿಕೇಟು ಬಿಚ್ಚಿದರು. ಅವನು ಮಿಷನ್ ತುಳಿಯುವುದನ್ನೂ ನಿಲ್ಲಿಸದೆ, ಪಾಸ್‌ಪೋರ್ಟ್ ಬೇಕಾಯಿತೇ ಎಂದು ಕೇಳಿದ. ಬೇಕಾಗಲಿಲ್ಲ, ವೋಟರ್ ಕಾರ್ಡ್ ಸಾಕಾಯಿತು ಎಂದು ಮಾಸ್ತರರು ಬಾಯಿ ತಪ್ಪಿ ನಿಜ ಹೇಳಿಬಿಟ್ಟರು.

"ವೋಟರ್ ಕಾರ್ಡ್ ತೋರ್ಸಿ ಹೋಗೂದು ಫಾರಿನ್ ಆದ್ರ, ನಾ ವಾರಕ್ಕೊಮ್ಮೆ ಗುಂಡಿ ತರಾಕ ಅಕ್ಕಲಕೋಟಕ್ಕ ಹೋಗೂದೂ ಫಾರಿನ್ನೇ ಅಲ್ಲೇನಲೇ?"

ಅಂದಿನಿಂದ ಮಹಾರಾಷ್ಟ್ರದ ಗಡಿ ದಾಟಿ ಅಕ್ಕಲಕೋಟದ ಸಂತೆಗೆ ಹೋಗುವವರೆಲ್ಲ ಊರಿನ ಲೆಕ್ಕದಲ್ಲಿ ಫಾರಿನ್‌ಗೆ ಹೊರಟವರಾದರು. ಮಾಸ್ತರರು ಛಲಕ್ಕೆ ಬಿದ್ದು ತಮಗೂ ಹೆಂಡತಿಗೂ ಪಾಸ್‌ಪೋರ್ಟ್ ಮಾಡಿಸಿದರು. ಮೊದಲು ಶ್ರೀಲಂಕಾ, ಆಮೇಲೆ ಥಾಯ್ಲೆಂಡ್, ಕೊನೆಗೆ ಜಪಾನ್ ಎಂದು ಕ್ಯಾಲೆಂಡರಿನ ಬೆನ್ನಿಗೆ ನಕಾಶೆ ಬರೆದರು. ಸ್ತೂಪ ನೋಡುವ ಆಸೆ ಇತ್ತು, ಸುಳ್ಳಲ್ಲ. ಆದರೆ ಪಾಸ್‌ಪೋರ್ಟಿನ ಮೇಲೆ ಒಂದು ಠಸ್ಸೆ ಹೊಡೆಸಿಕೊಂಡು ಬಂದು ಗುರುನಾಥನ ಮುಖಕ್ಕೆ ಹಿಡಿಯುವ ಆಸೆ ಅದಕ್ಕಿಂತ ದೊಡ್ಡದಿತ್ತು. ಬರುವ ತಿಂಗಳು ಹದಿನೆಂಟಕ್ಕೆ ವಿಮಾನ. ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

*

ಹೌದೆಂದುಬಿಡು ಮಾರಾಯ, ಹೆಣ ಬಿಸಿಲಿಗಿದೆ ಎಂದು ಹಿರಿಯರು ಗುರುನಾಥನನ್ನು ಗದರಿದರು. ಹ್ಞೂಂ ಅಂದರೆ ನಿನ್ನ ಗಂಟೇನು ಹೋಗುತ್ತದೆ ಎಂದು ನೆರೆಮನೆಯ ಮುದುಕಿ ನಿಂಬೆವ್ವ ಬೈದಳು. ಅವನು ಬಗ್ಗಲಿಲ್ಲ.

"ಅವನ ಮುಂದ ಸುಳ್ಳು ಹೆಂಗ ಹೇಳ್ಲಿ ವೈನಿ? ಪಾಸ್‌ಪೋರ್ಟ್ ಬೇಕಾಗಿದ್ದಿಲ್ಲ, ಅದಂತೂ ಖರೆ."

ರಮಾಬಾಯಿಗೆ ಅಳು ಒತ್ತಿ ಬಂತು, ಸಿಟ್ಟಿಗೋ ದುಃಖಕ್ಕೋ ಅವಳಿಗೇ ತಿಳಿಯಲಿಲ್ಲ. ಇವನನ್ನು ಬಿಟ್ಟು ಎತ್ತಿರಿ ಎಂದು ಮಗನಿಗೆ ಸನ್ನೆ ಮಾಡಿದಳು. ನಾಲ್ವರು ಎತ್ತಿ ಹೆಗಲಿಗೇರಿಸಿದರು. ಗುರುನಾಥ ಬರಿಗೈಯಲ್ಲಿ ನಿಂತ.

"ಇಂವ ಲುಂಬಿನ್ಯಾಗಿದ್ದ ಎರಡು ವರ್ಷ ಸಂಜೀಕ ಚಾ ಒಬ್ಬನ ಕುಡದೇನಿ, ವೈನಿ. ಅಂಗಡ್ಯಾಗ ಅವನ ಖುರ್ಚಿ ಮ್ಯಾಲ ಯಾರನ್ನೂ ಕೂಡಗೊಟ್ಟಿಲ್ಲ. ಅಕ್ಕಲಕೋಟಕ್ಕ ಹೋದಾಂವ ಸಂಜೀಕ ಹೊಳ್ಳಿ ಬರ್ತಾನ. ಇಂವ ಬರಲಿಲ್ಲ." ಮೂಗು ಒರೆಸಿಕೊಂಡ. "ಫಾರಿನ್ನೇ ಹೌದು."

ರಮಾಬಾಯಿ ದಾರಿ ಬಿಟ್ಟಳು. ತಲೆಯ ಕಡೆ ಹೆಗಲು ಕೊಟ್ಟಿದ್ದ ಸೋದರಳಿಯ ಗುರುನಾಥನಿಗೆ ತನ್ನ ಜಾಗ ಬಿಟ್ಟುಕೊಟ್ಟ. ಸಿದಿಗೆ ಓಣಿ ದಾಟಿ ಹೊಲದ ದಾರಿ ಹಿಡಿಯಿತು.

ಅವಳು ಹಿಂದೆ ನಡೆಯುತ್ತ ನೋಡಿದಳು. ಗುರುನಾಥ ಒಂದು ಕೈಯಲ್ಲಿ ಸಿದಿಗೆ ಹಿಡಿದು, ಮಾಸ್ತರರ ಕಿವಿಯ ಕಡೆಗೆ ಕತ್ತು ವಾಲಿಸಿ ಏನೋ ಪಿಸುಗುಡುತ್ತಿದ್ದ. ಇನ್ನೊಂದು ಕೈಯ ತೋರುಬೆರಳು ಅಲ್ಲ, ಅಲ್ಲ ಎಂದು ಗಾಳಿಯಲ್ಲಿ ಆಡುತ್ತಿತ್ತು.