ಬಲಗಡೆಯ ದಿಮ್ಮಿಗಳು

“ಹೊಡಿ ಅಕ್ಕ, ಹೊಡಿ! ಕೆಂಪಗೆ ಕಾದಿದೆ. ಈಗ ಬಿಟ್ರೆ ಬೆಳಗಿಂದ ಪಟ್ಟ ಪಾಡೆಲ್ಲ ದಂಡ!”

ಜೆರ್ಮೇನ್ ಸುತ್ತಿಗೆ ಎತ್ತಿ ಬೀಸಿದಳು. ಲೋಡರಿನ ಕೀಲಿನ ಪಿನ್ನು ಅಲ್ಲಾಡಲಿಲ್ಲ. ಇನ್ನೊಮ್ಮೆ ಬೀಸಿದಳು. ಮೂರನೆಯ ಏಟಿಗೆ ಒಳಗೆಲ್ಲೋ ಹಲ್ಲು ಕಿತ್ತಂಥ ಸದ್ದಾಯಿತು. ವರ್ಷಗಟ್ಟಲೆ ತುಕ್ಕು ಹಿಡಿದು ಕೂತಿದ್ದ ಪಿನ್ನು ಒಂದು ಬೆರಳಿನಷ್ಟು ಆಚೆ ಬಂತು.

“ಬಂದ್ಲು ನೋಡು ಮಹಾರಾಣಿ!” ಅಂದ ಲುಡ್ಜರ್, ಗ್ಯಾಸ್ ಟಾರ್ಚು ಆರಿಸುತ್ತ. “ನಿನ್ನ ಮದುವೇಲೂ ನೀನು ಇಷ್ಟೊತ್ತು ಸತಾಯಿಸಿರಲಿಲ್ಲ.”

“ಬಾಯಿ ಮುಚ್ಕೊಂಡು ಎಳಿ.”

ಲುಡ್ಜರ್ ಅವಳ ತಮ್ಮ. ಪಟ್ಟಣದಲ್ಲಿ ಆಲೂಗಡ್ಡೆ ಲಾರಿಗಳನ್ನು ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಕೆಲಸ. ರಜೆ ಸಿಕ್ಕಾಗಲೆಲ್ಲ ನದಿ ದಂಡೆಯ ಈ ಸಣ್ಣ ಸಾಮಿಲ್ಲಿಗೆ ಬಂದು ಅಕ್ಕನ ಜೊತೆ ಈ ಲೋಡರಿನ ಕೆಳಗೆ ಮಲಗುತ್ತಿದ್ದ. ದಿಮ್ಮಿ ಎತ್ತುವ ಲೋಡರು ಅದು. ಯಾವುದೋ ಕಂಟ್ರಾಕ್ಟರನ ಲಾರಿಯ ಬೆನ್ನ ಮೇಲೆ ಕಾಡೆಲ್ಲ ಸುತ್ತಿ, ಲಾರಿ ಗುಜರಿಗೆ ಹೋದ ಮೇಲೆ ಹುಲ್ಲಿನಲ್ಲಿ ಅನಾಥವಾಗಿ ಬಿದ್ದಿತ್ತು. ಉದ್ದನೆಯ ಕಬ್ಬಿಣದ ತೋಳು, ತುದಿಯಲ್ಲಿ ಪಂಜ, ಬುಡದಲ್ಲಿ ಒಂದು ಡೀಸೆಲ್ ಎಂಜಿನ್, ಆಪರೇಟರಿಗೊಂದು ಕುರ್ಚಿ. ತಂದ ದಿನ ಆ ಕುರ್ಚಿಯ ಸ್ಪಂಜಿನಲ್ಲಿ ಇಲಿಗಳು ಮರಿ ಹಾಕಿದ್ದವು.

ಇದೆಲ್ಲ ಆಲ್ಫೀಗಾಗಿ. ಜೆರ್ಮೇನಳ ಗಂಡ ಆಲ್ಫೀ ಹುಡುಗನಾಗಿದ್ದಾಗಿನಿಂದ ಕಾಡಿನಲ್ಲಿ ಇಂಥದೇ ಲೋಡರು ನಡೆಸಿದವನು. ಆಮೇಲೆ ಸ್ವಂತ ಸಾಮಿಲ್ ಹಾಕಿದ. ಅವನು ಕೊಕ್ಕೆಕೋಲಿನಿಂದ ದಿಮ್ಮಿ ಉರುಳಿಸಿ ಗರಗಸದ ಮುಂದಿನ ಕಟ್ಟೆಗೆ ಹತ್ತಿಸುವುದು, ಇವಳು ಗರಗಸ ನಡೆಸುವುದು, ಹೀಗೆ ಇಬ್ಬರೇ ಸೀಡರ್ ಮರ ಸೀಳುತ್ತ ಬಂದಿದ್ದರು. ಹೋದ ಚಳಿಗಾಲದಲ್ಲಿ ಹಿಮ ಎತ್ತಿ ಹಾಕುತ್ತಿದ್ದ ಆಲ್ಫೀ ಸಲಿಕೆ ಹಿಡಿದುಕೊಂಡೇ ಕುಸಿದು ಕೂತ. ಲಕ್ವ. ಕಾಲು ಒಂದಿಷ್ಟು ಮರಳಿ ಬಂತು, ಎಡಗೈ ಬರಲಿಲ್ಲ. ಆಸ್ಪತ್ರೆಯಿಂದ ಬಂದವನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಮಿಲ್ಲಿನ ಕಡೆ ನೋಡುತ್ತಿದ್ದ. ತಿಂಗಳು ಕಳೆದಂತೆ ನೋಡುವುದನ್ನೂ ಬಿಟ್ಟ. ಹಾಸಿಗೆಯಿಂದ ಏಳುವುದೇ ತಡವಾಗತೊಡಗಿತು. ಒಂದು ದಿನ, ಗಡ್ಡ ಮಾಡಿಕೋ ಅಂತ ಇವಳು ಹೇಳಿದಾಗ, “ಯಾರಿಗೋಸ್ಕರ?” ಅಂದ. ಕೋಪದಲ್ಲಿ ಅಂದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ತೀರಾ ಮಾಮೂಲಾಗಿ ಅಂದುಬಿಟ್ಟಿದ್ದ.

ಆ ವಾರವೇ ಅವಳು ತಮ್ಮನಿಗೆ ಫೋನ್ ಮಾಡಿದ್ದು. “ಕೂತ್ಕೊಂಡು, ಒಂದೇ ಕೈಲಿ ಮಾಡೋ ಕೆಲಸ ಬೇಕು ಕಣೋ. ಇಲ್ಲ ಅಂದ್ರೆ ಈ ಮನುಷ್ಯ ನನಗೆ ಉಳಿಯಲ್ಲ.”

ಲೋಡರು ಬಂದ ದಿನ ಆಲ್ಫೀ ತಾನಾಗಿ ಬೂಟು ಹಾಕಿಕೊಂಡ. ಒಂದೇ ಬೂಟು. ಇನ್ನೊಂದನ್ನು ಅವಳು ಹಾಕಿದಳು.

ಈಗಲೂ ಸುತ್ತಿಗೆ ಸದ್ದು ಕೇಳಿ ಅವನು ಊರುಗೋಲು ಹಿಡಿದು ಕೆಸರಿನಲ್ಲಿ ಕಾಲೆಳೆಯುತ್ತ ಬಂದ.

“ಏನು ಭಾವ, ಇನ್‌ಸ್ಪೆಕ್ಷನ್ನಾ?” ಅಂದ ಲುಡ್ಜರ್.

“ನೀನು ಕೈ ಹಾಕಿದ ಮಿಷನ್ನು ಅಂದ್ಮೇಲೆ ನೋಡಬೇಕಲ್ಲಪ್ಪ. ನನ್ನ ಪಿಕಪ್ಪಿಗೆ ನೀನು ಬ್ರೇಕ್ ಹಾಕಿದ್ದು ನೆನಪಿದೆ. ಚರ್ಚ್ ಮುಂದೆ ನಿಲ್ಲಿಸೋಕೆ ಹೋದ್ರೆ ಸ್ಮಶಾನದಲ್ಲಿ ನಿಂತಿತ್ತು.”

“ಎರಡೂ ಪಾದ್ರಿದೇ ಜಾಗ ಅಲ್ವ? ಎಲ್ಲಿ ನಿಂತರೇನು!”

ಆಲ್ಫೀ ನಕ್ಕ. ಬಾಯಿಯ ಬಲಗಡೆಯಷ್ಟೇ ನಕ್ಕಿತು. ಅವನು ಲೋಡರಿನ ತೋಳಿನ ಮೇಲೆ ಕೈಯಾಡಿಸಿದ, ಬಿರುಕುಗಳನ್ನು ಉಗುರಿನಿಂದ ಗೀರಿ ನೋಡಿದ, ಇಲ್ಲಿ ವೆಲ್ಡಿಂಗು ಸಾಲದು, ಇಲ್ಲಿ ಬುಷ್ ಬದಲಾಯಿಸು ಅಂತ ಒಂದೊಂದೇ ತೋರಿಸಿದ. ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಹೇಳಿದ್ದೆಲ್ಲ ಬಲಗಡೆಯದೇ ಆಗಿತ್ತು. ಎಡಗಡೆ ಒಂದು ಹೋಸ್ ಪೈಪು ಸೀಳಿಕೊಂಡು ಎಣ್ಣೆ ತೊಟ್ಟಿಕ್ಕುತ್ತಿತ್ತು, ಅವನ ಎಡ ಬೂಟಿನ ಮೇಲೆಯೇ. ಅವನು ಅದರ ಮಾತೇ ಎತ್ತಲಿಲ್ಲ. ಜೆರ್ಮೇನ್ ಬಗ್ಗಿ ಚಿಂದಿಯಿಂದ ಬೂಟು ಒರೆಸಿದಳು.

ಡಾಕ್ಟರಮ್ಮ ಆಗಲೇ ಹೇಳಿದ್ದಳು. “ಕಣ್ಣಿಗೆ ಏನೂ ಆಗಿಲ್ಲ. ಆದರೆ ಎಡಗಡೆ ಅನ್ನೋದೊಂದು ಇದೆ ಅನ್ನೋದೇ ಇವರಿಗೆ ಹೊಳೆಯಲ್ಲ. ಇಲ್ಲ ಅಂತಾನೂ ಅನ್ನಿಸಲ್ಲ. ಅದು ಕಷ್ಟ.” ಸರಿಹೋಗುತ್ತದೆಯೇ ಅಂತ ಕೇಳಿದ್ದಕ್ಕೆ ಡಾಕ್ಟರಮ್ಮ ಕೆಲವರಿಗೆ ಸರಿಹೋಗುತ್ತದೆ ಅಂದಿದ್ದಳು. ಆ ‘ಕೆಲವರಿಗೆ’ ಎಂಬ ಮಾತನ್ನು ಜೆರ್ಮೇನ್ ಕಟ್ಟಿಕೊಂಡು ಮನೆಗೆ ತಂದಿದ್ದಳು.

ಮನೆಯಲ್ಲಿ ಅವನು ತಟ್ಟೆಯ ಬಲ ಅರ್ಧ ತಿಂದು ಕೈ ತೊಳೆಯಲು ಏಳುತ್ತಿದ್ದ. ಎಡಗಡೆಯ ಪ್ಲಾಯ್ ರೊಟ್ಟಿಯೂ ಬೀನ್ಸ್ ಕಾಳೂ ಹಾಗೇ ಇರುತ್ತಿದ್ದವು. “ಇವತ್ತು ಕಮ್ಮಿ ಬಡಿಸಿದ್ದೀಯ,” ಅಂತ ಗೊಣಗುತ್ತಿದ್ದ ಬೇರೆ. ಒಂದು ದಿನ ಅವಳು ತಟ್ಟೆಯನ್ನು ಸುಮ್ಮನೆ ಅರ್ಧ ಸುತ್ತು ತಿರುಗಿಸಿದಳು. “ಓ, ಈಗ ಸರಿ,” ಅಂತ ಅವನು ಮತ್ತೆ ಕೂತು ಉಂಡ. ಆಮೇಲೆ ಅವಳು ಮನೆಯನ್ನೇ ತಿರುಗಿಸಿದಳು. ಮಂಚ, ದೀಪ, ಔಷಧಿ, ನೀರಿನ ಲೋಟ, ಎಲ್ಲ ಅವನ ಬಲಕ್ಕೆ ಬಂದವು. ಹಾಗೆ ಬಂದ ಮೇಲೆ ಮನೆಯಲ್ಲಿ ಅವನು ಹೆಚ್ಚುಕಡಿಮೆ ಮೊದಲಿನ ಆಲ್ಫೀಯೇ.

ಮನೆ ಆದಂತೆ ಮಿಲ್ಲೂ ಆಗಬಾರದೇಕೆ? ಈ ಯೋಚನೆ ಹೊಳೆದ ಸಂಜೆ ಅವಳು ಲುಡ್ಜರನನ್ನು ಅಂಗಳದಲ್ಲೆಲ್ಲ ನಡೆಸಿದಳು. ಗೂಟ ಹೊಡೆದು ದಾರ ಎಳೆದರು. ನದಿಗೆ ಮುಖ ಮಾಡಿ ಲೋಡರು ಕೂರಬೇಕು. ದಿಮ್ಮಿ ಕೊಡುವ ಕಟ್ಟೆ ಬಲಗಡೆ. ಅದರಾಚೆ ದಿಮ್ಮಿ ರಾಶಿ, ಅದೂ ಬಲಗಡೆ. ಎಡಗಡೆ ಬರೀ ಬಯಲು, ಒಂದು ಕೋಳಿಯೂ ಸುಳಿಯಬಾರದು.

“ತೋಳು ಎಡಕ್ಕೆ ಹೋಗದ ಹಾಗೆ ತಡೆ ಬೆಸೆದುಬಿಡ್ತೀನಿ,” ಅಂದಿದ್ದ ಲುಡ್ಜರ್ ಹುರುಪಿನಲ್ಲಿ. “ಎಡಗೈ ಲಿವರಿಗೂ ಸಲಾಕೆ ಕೊಟ್ಟು ಬಲಕ್ಕೆ ತರ್ತೀನಿ. ಭಾವನಿಗೆ ಎಡ ಅನ್ನೋದು ಬೇಡವೇ ಬೇಡ. ಅಕ್ಕ, ನೀನು ಎಂಜಿನಿಯರ್ ಆಗಬೇಕಿತ್ತು!”

ಅವಳಿಗೆ ಮನಸ್ಸು ಅಷ್ಟು ಹಗುರಾಗಿ ಎಷ್ಟು ದಿನವಾಗಿತ್ತೋ. ದಾರದ ಗೆರೆಯ ಮೇಲೆ ಹಿಂದೆ ಮುಂದೆ ನಡೆದು ನೋಡಿದಳು. ಎಲ್ಲ ಬಲಗಡೆಯೇ ಇತ್ತು.

ಹೀಗೆ ಕೆಲಸ ಸಾಗಿತು. ಟ್ಯಾಂಕಿನಿಂದ ಬಂದ, ತೋಳನ್ನು ಎತ್ತಿ ಹಿಡಿಯುವ ಎಣ್ಣೆ ನೀರು ಬೆರೆತು ಹಾಲಿನ ಹಾಗಿತ್ತು. ಅದನ್ನು ಬಸಿದು, ತೊಳೆದು, ಮತ್ತೆ ಬಸಿದರು. ಸಿಲಿಂಡರುಗಳನ್ನು ಬಿಚ್ಚಿ ಎಣ್ಣೆ ಸೋರದ ಹಾಗೆ ಹೊಸ ರಬ್ಬರ್ ಸೀಲು ಕೂರಿಸಿದರು. ಅವು ಬಿಸಿನೀರಿನಲ್ಲಿ ನೆನೆಯದೆ ಒಳಗೆ ಹೋಗವು ಅಂತ ಅಡುಗೆ ಒಲೆಯ ಮೇಲೆ ಸೂಪಿನ ಪಾತ್ರೆಯಲ್ಲಿ ಬೇಯಿಸಿದ್ದಾಯಿತು. ಆಲ್ಫೀ ಮುಚ್ಚಳ ತೆಗೆದು ಇಣುಕಿ, “ಉಪ್ಪು ಹಾಕಿದ್ದೀಯಾ?” ಅಂದ. ಪಂಜದ ಹಲ್ಲು ಬೆಸೆದರು. ಕುರ್ಚಿಗೆ ಜೆರ್ಮೇನ್ ಹಳೆಯ ಕ್ಯಾನ್‌ವಾಸ್ ಹೊಲಿದಳು. ಹತ್ತಲು ಬಲಗಡೆ ಮೆಟ್ಟಿಲು ಮಾಡಿದರು. ಆಲ್ಫೀ ಬೆಳಿಗ್ಗೆ ಬೇಗ ಏಳತೊಡಗಿದ. ಗಡ್ಡವನ್ನೂ ಮಾಡಿಕೊಳ್ಳುತ್ತಿದ್ದ, ಅರ್ಧ. ಉಳಿದರ್ಧ ಅವಳು ಮಾಡುತ್ತಿದ್ದಳು.

“ಈ ಸಲ ಕೆಸರು ಒಣಗೋ ಹೊತ್ತಿಗೆ ಆ ರಾಶಿ ಪೂರಾ ಸೀಳಿ ಹಾಕ್ತೀನಿ ನೋಡು,” ಅಂದ ಒಂದು ದಿನ, ಅವಳ ರೇಜರಿನ ಕೆಳಗೆ.

“ಮಾತಾಡಬೇಡ, ಕುಯ್ಕೊಳುತ್ತೆ.”

“ಕುಯ್ಯಲಿ ಬಿಡು. ಜೀವ ಇದೆ ಅಂತ ಗೊತ್ತಾಗುತ್ತೆ.”

ಅವಳು ಕೈ ತಡೆದು ಅವನ ಮುಖವನ್ನೇ ನೋಡಿದಳು. ಆಮೇಲೆ ಸೋಪಿನ ನೊರೆ ಒಣಗುವ ಮುಂಚೆ ಉಳಿದದ್ದನ್ನು ಕೆರೆದಳು.

ಎಂಜಿನ್ ಚಾಲೂ ಆದ ದಿನ ಬಿಸಿಲಿತ್ತು. ನದಿಯಲ್ಲಿ ಕೊನೆಯ ಮಂಜುಗಡ್ಡೆಯ ಹಲಗೆಗಳು ತೇಲಿ ಹೋಗುತ್ತಿದ್ದವು. ಕಪ್ಪು ಹೊಗೆ ಕಾರಿ, ಕೆಮ್ಮಿ, ಆಮೇಲೆ ಡೀಸೆಲ್ ಎಂಜಿನ್ ಹದಕ್ಕೆ ಬಂತು. ಲುಡ್ಜರ್ ಟೋಪಿ ತೆಗೆದು ಎಂಜಿನ್ನಿಗೇ ನಮಸ್ಕರಿಸಿದ. ಇಬ್ಬರೂ ಸೇರಿ ಆಲ್ಫೀಯನ್ನು ಮೆಟ್ಟಿಲು ಹತ್ತಿಸಿದರು. ಕೂತವನು ಬಲಗೈಯಿಂದ ಒಂದೊಂದೇ ಲಿವರು ಮುಟ್ಟಿ ನೋಡಿದ. ಕಬ್ಬಿಣದ ತೋಳು ನಡುಗಿ ಮೇಲೆದ್ದಿತು.

“ಅಯ್ಯೋ, ನನ್ನ ಮುದ್ದು,” ಅಂದ ಆಲ್ಫೀ. ಹೆಂಡತಿಗಲ್ಲ, ಮಿಷನ್ನಿಗೆ.

ಬಲಕ್ಕೆ ತಿರುಗಿಸಿದ. ತೋಳಿನ ಜೊತೆಗೇ ಕುರ್ಚಿಯೂ ತಿರುಗಿತು, ಈ ಜಾತಿಯ ಲೋಡರುಗಳಲ್ಲಿ ತಿರುಗುವ ಹಾಗೆ. ಕಟ್ಟೆಯನ್ನು ದಾಟಿ ರಾಶಿಯ ಮೇಲೆ ಬಂದು ನಿಂತಿತು. ಪಂಜ ಇಳಿಯಿತು. ರಾಶಿಯ ತಲೆಯ ಮೇಲಿದ್ದ ಸೀಡರ್ ದಿಮ್ಮಿಯನ್ನು ಮೊಟ್ಟೆ ಎತ್ತಿದಷ್ಟು ನಾಜೂಕಾಗಿ ಹಿಡಿದು ಎತ್ತಿತು. ಒಂದು ತೊಗಟೆ ಚೂರೂ ಉದುರಲಿಲ್ಲ.

“ಹೋ!” ಅಂತ ಲುಡ್ಜರ್ ಅಕ್ಕನ ಭುಜ ಹಿಡಿದು ಅಲ್ಲಾಡಿಸಿದ. “ನೋಡಿದ್ಯಾ? ನೋಡಿದ್ಯಾ ಕೈ!”

ಜೆರ್ಮೇನ್ ಕಟ್ಟೆಯ ಪಕ್ಕ ದಿಮ್ಮಿಗೆ ಕಾದು ನಿಂತಳು.

ದಿಮ್ಮಿ ಬರಲಿಲ್ಲ. ಆಲ್ಫೀ ಇನ್ನೂ ಬಲಕ್ಕೆ ತಿರುಗಿಸಿದ. ರಾಶಿ ದಾಟಿತು, ಬೇಲಿ ಬಂತು, ಆ ಕಡೆಯ ತಡೆಗೆ ಬಡಿದು ತೋಳು ನಿಂತಿತು. ಅವನು ಆಚೆ ಈಚೆ ನೋಡಿದ.

“ಜೆರ್ಮೇನ್! ಕಟ್ಟೆ ಎಲ್ಲಿ?”

“ಇಲ್ಲೇ ಇದೆಯಲ್ಲೋ! ಈ ಕಡೆ!”

“ಯಾವ ಕಡೆ?”

“ಎಡಕ್ಕೆ! ಎಡಕ್ಕೆ ತಿರುಗಿಸು!”

ಅವನು ಒಂದು ಗೇಣು ಎಡಕ್ಕೆ ತಿರುಗಿಸಿ ನಿಲ್ಲಿಸಿದ. “ತಿರುಗಿಸಿದೆ. ಆಯ್ತಲ್ಲ?”

“ಇನ್ನೂ ಎಡಕ್ಕೆ ಭಾವ!” ಲುಡ್ಜರ್ ಕೂಗಿದ.

“ಇನ್ನೆಲ್ಲಿದೆಯೋ ಎಡ? ಮುಗೀತಲ್ಲ!” ಆಲ್ಫೀ ನಿಜಕ್ಕೂ ಗೊಂದಲದಿಂದ ಕೇಳುತ್ತಿದ್ದ. “ತಮಾಷೆ ಮಾಡಬೇಡಿ. ಮಿಲ್ಲನ್ನ ಎಲ್ಲಿಗೆ ಸಾಗಿಸಿದ್ರಿ?”

ಜೆರ್ಮೇನಳಿಗೆ ಆಗ ಹೊಳೆಯಿತು. ಗೂಟ ಹೊಡೆದಿದ್ದು, ದಾರ ಎಳೆದಿದ್ದು, ಹಿಂದೆ ಮುಂದೆ ನಡೆದು ನೋಡಿದ್ದು, ಎಲ್ಲ ನೆಲದ ಮೇಲೆ ನಿಂತು. ನೆಲ ತಿರುಗುವುದಿಲ್ಲ. ಆ ಕುರ್ಚಿಯಲ್ಲಿ ಕೂತವನಿಗೆ ಬಲವೂ ತಿರುಗುತ್ತದೆ, ಎಡವೂ ತಿರುಗುತ್ತದೆ. ರಾಶಿಗೆ ಮುಖ ಮಾಡಿದ ಕೂಡಲೆ ಕಟ್ಟೆ, ಗರಗಸ, ಷೆಡ್ಡು, ಅವಳು, ಎಲ್ಲ ಅವನ ಎಡಕ್ಕೆ ಬಂದು ಅಳಿಸಿಹೋಗಿದ್ದರು.

“ರಾಶೀನ ಈಚೆಗೆ ಹಾಕೋಣ,” ಅಂದ ಲುಡ್ಜರ್ ಅವಸರದಲ್ಲಿ, “ಕಟ್ಟೆ ಆಚೆಗೆ.”

“ಆಗ ವಾಪಸು ಬರೋವಾಗ ರಾಶಿ ಕಾಣಲ್ಲ.”

“ಹಾಗಾದ್ರೆ ಯಾವಾಗ್ಲೂ ಬಲಕ್ಕೇ ಸುತ್ತಲಿ. ತಡೆ ಕಿತ್ತು ಬಿಸಾಕ್ತೀನಿ. ಒಂದು ಪೂರಾ ಸುತ್ತು...” ಅಂದವನು ಕುರ್ಚಿಯ ಬುಡದಿಂದ ಮೇಲೆ ಹೋಗಿದ್ದ ಹೋಸ್ ಪೈಪುಗಳ ಕಟ್ಟನ್ನು ನೋಡಿದ. ದನಿ ಇಳಿಯಿತು. “ಹೋಸು ತಿರುಚಿಕೊಂಡು ಹರಿದು ಹೋಗುತ್ತೆ.” ಆಮೇಲೆ “ಒಂದು ಕನ್ನಡಿ ಹಾಕಿದ್ರೆ?” ಅಂದ.

ಬಚ್ಚಲುಮನೆಯಲ್ಲಿ ಕನ್ನಡಿ ಇತ್ತು. ಆಲ್ಫೀ ಅರ್ಧ ಗಡ್ಡ ಮಾಡಿಕೊಂಡು, ಆಯ್ತು ಅಂತ ಬಂದು ಕೂರುತ್ತಿದ್ದುದು ಆ ಕನ್ನಡಿಯ ಮುಂದಿನಿಂದಲೇ.

ಅಷ್ಟರಲ್ಲಿ ಆಲ್ಫೀ ಹಟಕ್ಕೆ ಬಿದ್ದಿದ್ದ. ಎಡ ಅಂದರಲ್ಲ, ಎಡವೇ ಸರಿ ಅಂತ ಲಿವರನ್ನು ಒಮ್ಮೆಲೇ ಒತ್ತಿ ಹಿಡಿದ. ದಿಮ್ಮಿಯ ಬಲ ತುದಿಯ ಮೇಲೆ ಕಣ್ಣಿಟ್ಟು, ಅದು ರಾಶಿಗೆ ತಾಗದ ಹಾಗೆ ಎಷ್ಟು ಚೆನ್ನಾಗಿ ತಂದನೆಂದರೆ ನೋಡುವವರು ಕಣ್ಣು ಕೀಳುವಂತಿರಲಿಲ್ಲ. ಎಡ ತುದಿ ಷೆಡ್ಡಿನ ಕಂಬಕ್ಕೆ ಅಪ್ಪಳಿಸಿತು. ಕಂಬ ಮುರಿದು ತಗಡು ಹಾರಿ ಜೆರ್ಮೇನ್ ನಿಂತಿದ್ದಲ್ಲಿಂದ ಎರಡು ಮಾರು ಆಚೆ ಬಿತ್ತು.

“ಏನದು ಸದ್ದು?” ಅಂದ ಆಲ್ಫೀ, ಬಲಕ್ಕೆ ನೋಡುತ್ತ.

ಜೆರ್ಮೇನ್ ಹೋಗಿ ಎಂಜಿನ್ ನಿಲ್ಲಿಸುವ ತಂತಿ ಎಳೆದಳು. ನಿಶ್ಶಬ್ದವಾಯಿತು. ನದಿಯಲ್ಲಿ ಮಂಜುಗಡ್ಡೆಯ ಹಲಗೆಗಳು ಒಂದಕ್ಕೊಂದು ತಾಗುವುದು ಕೇಳಿಸಿತು.

ಅವಳು ಎಡಗಡೆಯ ಹಳೆಯ ಕಬ್ಬಿಣದ ಪಟ್ಟಿಯ ಮೇಲೆ ಕಾಲಿಟ್ಟು ಹತ್ತಿ ಅವನ ಪಕ್ಕ ನಿಂತಳು. ಅವನ ಎಡಗೈ ತೊಡೆಯ ಮೇಲೆ ಯಾರೋ ಮರೆತು ಹೋದ ಸಾಮಾನಿನ ಹಾಗೆ ಬಿದ್ದಿತ್ತು. ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಜೆರ್ಮೇನ್?” ಆಲ್ಫೀ ಬಲಕ್ಕೆ ಕತ್ತು ಹೊರಳಿಸಿ ಕರೆದ. “ಎಲ್ಲಿ ಹೋದೆ? ನೋಡಿದ್ಯಾ ಹೇಗೆ ಎತ್ತಿದೆ? ಕೈ ಮರೆತಿಲ್ಲ ಕಣೇ. ಚಳಿಗಾಲದಲ್ಲಿ ಏನೇನೋ ಅಂದುಬಿಟ್ಟಿದ್ದೆ, ತಲೆಗೆ ಹಾಕ್ಕೋಬೇಡ. ಚಾಲೂ ಮಾಡು, ರಾಶೀಲಿ ಇನ್ನೂ ಎಷ್ಟಿದೆ ನೋಡು.”

ಆಸ್ಪತ್ರೆಯಿಂದ ಬಂದಾಗಿನಿಂದ ಅವಳು ಅವನ ಎದುರಿಗೆ ಅತ್ತಿರಲಿಲ್ಲ. ಈಗ, ಅವನ ಎಡಗಡೆಯಲ್ಲಿ, ಬಾಗಿಲ ಮರೆಯೂ ಬೇಕಿರಲಿಲ್ಲ. ಅವನ ಭುಜಕ್ಕೆ ಭುಜ ತಾಗಿಸಿ ನಿಂತು ಅತ್ತಳು. ಅವನು ಅವಳನ್ನು ಬಲಗಡೆ ಹುಡುಕುತ್ತ, ಮುಂದಿನ ದಿಮ್ಮಿ ಯಾವುದು, ಅದನ್ನು ಹೇಗೆ ಹಿಡಿಯಬೇಕು ಅಂತ ಹೇಳುತ್ತಲೇ ಇದ್ದ.

ಹೊಸ ಸೀಲು ಹಾಕಿದ್ದರೂ ಹಳೆಯ ವಾಲ್ವಿನೊಳಗೆ ಎಲ್ಲೋ ಎಣ್ಣೆ ಜಾರುತ್ತಿತ್ತು. ದಿಮ್ಮಿ ಹಿಡಿದು ಗಾಳಿಯಲ್ಲಿ ನಿಂತಿದ್ದ ತೋಳು, ಯಾರೂ ಲಿವರು ಮುಟ್ಟದೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯುತ್ತಿತ್ತು. ದಿಮ್ಮಿಯ ನೆರಳು ಕೆಸರಿನ ಮೇಲೆ ದಿಮ್ಮಿಯ ಕಡೆಗೇ ಸರಿಯುತ್ತ ಬಂತು. ಕೊನೆಗೆ ಒಂದು ತುದಿ ನೆಲಕ್ಕೆ ತಾಗಿತು. ಅದರ ಸುತ್ತ ಕಂದು ನೀರು ಮೆಲ್ಲಗೆ ಮೇಲೆ ಬಂತು.